ಮನೆಯಲ್ಲಿ ಮಸಾಲೆ ಪುಡಿ ಮಾಡಿದ ದಿನ

ಮಸಾಲೆ ಹುರಿಯುವಾಗ ಮನೆಯೆಲ್ಲ ಘಮಘಮಿಸಿದರೆ ನಮಗೆ ಸಂತೋಷವಾಗುತ್ತದೆ. ಆದರೆ ಹಾಗೆ ಹರಡಿದ ಪರಿಮಳವಷ್ಟೂ ಬಾಣಲೆಯಲ್ಲಿರುವ ಕಾಳನ್ನು ಬಿಟ್ಟು ಹೊರಟುಹೋದದ್ದು ಎಂದು ನನಗೆ ಮೊದಲು ಹೇಳಿದವರು ನನ್ನ ಚಿಕ್ಕಮ್ಮ. ಕಳೆದ ಬೇಸಿಗೆಯ ಒಂದು ಭಾನುವಾರ ನಾವಿಬ್ಬರೂ ಸೇರಿ ಮಸಾಲೆ ಪುಡಿ ಮಾಡಿದೆವು. ಆ ದಿನ ನಾವು ಮಾಡಿದ ಪ್ರತಿಯೊಂದು ಕೆಲಸದ ಹಿಂದೆಯೂ ಈ ಒಂದೇ ಮಾತು ಇತ್ತು. ಪರಿಮಳವನ್ನು ಎಚ್ಚರಗೊಳಿಸಬೇಕು, ಆದರೆ ಅದನ್ನು ಕಾಳಿನಲ್ಲಿಯೇ ಉಳಿಸಿಕೊಳ್ಳಬೇಕು.

ಅಂಗಡಿಯ ಪುಡಿಯನ್ನು ಬಿಟ್ಟು ಈ ಕೆಲಸಕ್ಕೆ ಇಳಿಯಲು ಕಾರಣ ಖಾರವಲ್ಲ. ಎಷ್ಟೋ ತಿಂಗಳು ಕಪಾಟಿನಲ್ಲಿದ್ದ ಪುಡಿಯಲ್ಲಿಯೂ ಖಾರ ಉಳಿದಿರುತ್ತದೆ, ಇಲ್ಲದಿರುವುದು ಪರಿಮಳ. ಕಾಳುಮೆಣಸಿಗೆ ಖಾರ ಕೊಡುವ ಪೈಪರಿನ್ ಎಂಬ ವಸ್ತುವನ್ನು ಡೆನ್ಮಾರ್ಕಿನ ವಿಜ್ಞಾನಿ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ 1819ರಲ್ಲಿಯೇ ಬೇರ್ಪಡಿಸಿದ್ದರು. ಅದಾಗಲಿ, ಒಣಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಆಗಲಿ ಸುಲಭವಾಗಿ ಆವಿಯಾಗುವ ವಸ್ತುವಲ್ಲ. ಪರಿಮಳವನ್ನು ಹೊತ್ತಿರುವ ತೈಲಗಳ ಸ್ವಭಾವ ಇದಕ್ಕೆ ತದ್ವಿರುದ್ಧ. ಕಾಳು ಇಡಿಯಾಗಿರುವಾಗ ಅವು ಸಿಪ್ಪೆಯ ಕೆಳಗಿನ ಸಣ್ಣ ಕೋಶಗಳಲ್ಲಿ ಭದ್ರವಾಗಿರುತ್ತವೆ. ಪುಡಿಯಾದ ಕೂಡಲೇ ಆ ಕೋಶಗಳು ಒಡೆದು, ಗಾಳಿಗೆ ತೆರೆದುಕೊಳ್ಳುವ ಮೈ ಅನೇಕ ಪಟ್ಟು ಹೆಚ್ಚಿ, ತೈಲವು ಆವಿಯಾಗಿ ಹೋಗಲು ದಾರಿಯಾಗುತ್ತದೆ. ಆದುದರಿಂದ ನಾನು ಕೊಳ್ಳುವುದು ಇಡೀ ಕಾಳುಗಳನ್ನು ಮಾತ್ರ. ಅರಿಶಿನದ ಕೊಂಬು ಮನೆಯ ಮಿಕ್ಸಿಗೆ ಬಗ್ಗದಷ್ಟು ಗಟ್ಟಿಯಾಗಿರುವುದರಿಂದ ಅದೊಂದನ್ನು ನಂಬಿಕೆಯ ಕಡೆಯಿಂದ ಪುಡಿಯಾಗಿಯೇ ತರುತ್ತೇನೆ.

ಅಂದು ತೆಗೆದುಕೊಂಡ ಅಳತೆ ಹೀಗಿತ್ತು: ಕೊತ್ತಂಬರಿ ಬೀಜ 100 ಗ್ರಾಂ, ಜೀರಿಗೆ 40, ಕಾಳುಮೆಣಸು 20, ಸೋಂಪು 10, ಮೆಂತ್ಯ 8, ಚಕ್ಕೆ 8, ಏಲಕ್ಕಿ 5, ಲವಂಗ 4, ಅರಿಶಿನ ಪುಡಿ 10. ಒಣಮೆಣಸಿನಕಾಯಿಯನ್ನು ಇದಕ್ಕೆ ಸೇರಿಸಲಿಲ್ಲ. ಖಾರವನ್ನು ಆಯಾ ಅಡುಗೆಗೆ ತಕ್ಕಂತೆ ಬೇರೆಯಾಗಿ ಹಾಕಿಕೊಳ್ಳುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಲವಂಗದ ಪಾಲು ಇಷ್ಟು ಚಿಕ್ಕದಾಗಿರುವುದಕ್ಕೆ ಕಾರಣವಿದೆ. ಕೊತ್ತಂಬರಿ ಬೀಜದಲ್ಲಿ ಸುಗಂಧತೈಲ ಸಾಮಾನ್ಯವಾಗಿ ಶೇಕಡಾ 1ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆ ಇದ್ದರೆ, ಒಳ್ಳೆಯ ಲವಂಗದಲ್ಲಿ ಅದು ಶೇಕಡಾ 15ರಿಂದ 20ರವರೆಗೂ ಇರುತ್ತದೆ. ಅದರಲ್ಲಿ ಬಹುಪಾಲು ಯೂಜಿನಾಲ್ ಎಂಬ ವಸ್ತು, ನಾಲಿಗೆಯನ್ನು ಜೋಮು ಹಿಡಿಸುವ ಗುಣವೂ ಅದರದ್ದೇ. ಚಮಚದ ಲೆಕ್ಕ ನೆಚ್ಚಿಕೊಂಡರೆ ಇಂಥ ಕಡೆ ಮೋಸವಾಗುತ್ತದೆ, ಏಕೆಂದರೆ ಟೊಳ್ಳಾದ ಕೊತ್ತಂಬರಿ ಬೀಜವೂ ಗಟ್ಟಿಯಾದ ಕಾಳುಮೆಣಸೂ ಒಂದೇ ಚಮಚದಲ್ಲಿ ಒಂದೇ ತೂಕ ತೂಗುವುದಿಲ್ಲ. ಸಣ್ಣ ತಕ್ಕಡಿಯೊಂದು ಅಡುಗೆಮನೆಯಲ್ಲಿ ಇರಲೇಬೇಕೆಂದು ನಾನು ವಾದಿಸಿದಾಗ ಚಿಕ್ಕಮ್ಮ ಒಪ್ಪಿದರು, ಆದರೆ ತೂಕಕ್ಕೆ ಮೊದಲು ಕಾಳನ್ನು ಪರೀಕ್ಷಿಸಬೇಕೆಂದರು. ಪ್ರತಿಯೊಂದರಿಂದಲೂ ನಾಲ್ಕು ಕಾಳು ತೆಗೆದು, ಅಂಗೈಯಲ್ಲಿ ಉಜ್ಜಿ, ಮೂಸಿ ನೋಡಿದರು. ಲವಂಗದ ತಲೆಯನ್ನು ಉಗುರಿನಿಂದ ಒತ್ತಿ ಎಣ್ಣೆ ಜಿನುಗುತ್ತದೆಯೇ ಎಂದು ನೋಡಿದರು. ಜೀರಿಗೆಯ ಒಂದು ಪೊಟ್ಟಣ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ, ಅದನ್ನು ಪಕ್ಕಕ್ಕಿಟ್ಟು ಬೇರೆಯದನ್ನು ತೆಗೆದೆವು.

ಹುರಿಯುವ ಕೆಲಸಕ್ಕೆ ಹೆಚ್ಚು ಹೊತ್ತು ಬೇಕಾಯಿತು, ಅದು ಅಷ್ಟು ಹೊತ್ತನ್ನು ಬೇಡುವ ಕೆಲಸವೇ ಹೌದು. ಎಲ್ಲವನ್ನೂ ಒಂದೇ ಬಾರಿಗೆ ಬಾಣಲೆಗೆ ಸುರಿಯುವವರನ್ನು ನಾನು ನೋಡಿದ್ದೇನೆ. ಹಾಗೆ ಮಾಡಿದರೆ ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಜೀರಿಗೆ ಕರಕಲಾಗಿರುತ್ತದೆ. ಕಾಳಿನ ಗಾತ್ರ, ಅದರೊಳಗಿನ ತೇವ, ಸಿಪ್ಪೆಯ ದಪ್ಪ ಇವೆಲ್ಲ ಬೇರೆ ಬೇರೆಯಾಗಿರುವಾಗ ಎಲ್ಲಕ್ಕೂ ಒಂದೇ ಹದ ಸಿಗಲು ಸಾಧ್ಯವಿಲ್ಲ. ನಾವು ದಪ್ಪ ತಳದ ಬಾಣಲೆಯನ್ನು ಸಣ್ಣ ಉರಿಯ ಮೇಲಿಟ್ಟು, ಎಣ್ಣೆ ಹಾಕದೆ, ಒಂದೊಂದನ್ನೇ ಬೇರೆಬೇರೆಯಾಗಿ ಹುರಿದೆವು. ಮೆಂತ್ಯದ ಸರದಿ ಬಂದಾಗ ಚಿಕ್ಕಮ್ಮ ಒಲೆಯ ಹತ್ತಿರಕ್ಕೇ ಬಂದು ನಿಂತರು.

“ಸಾಕು, ಇಳಿಸು.”

“ಇನ್ನೂ ಬಣ್ಣವೇ ತಿರುಗಿಲ್ಲವಲ್ಲ, ಚಿಕ್ಕಮ್ಮ?”

“ಬಣ್ಣ ನೋಡಿ ಇಳಿಸೋ ಹೊತ್ತಿಗೆ ತಡವಾಗಿರುತ್ತೆ ಕಣೇ. ಘಮ ಬಂತು ಅಂದ್ರೆ ಆಯ್ತು. ತಟ್ಟೆಗೆ ಸುರಿ ಬೇಗ, ಬಾಣಲೆಯಲ್ಲೇ ಬಿಟ್ರೆ ಒಲೆ ಆರಿಸಿದ ಮೇಲೂ ಅದು ಹುರೀತಾನೇ ಇರುತ್ತೆ.”

ತಟ್ಟೆಗೆ ಸುರಿದ ಮೇಲೆಯೂ ಮೆಂತ್ಯ ಒಂದು ಛಾಯೆ ಕೆಂಪಾಯಿತು. ಬಾಣಲೆಯ ಬಿಸಿಯಷ್ಟೇ ಅಲ್ಲ, ಕಾಳಿನೊಳಗೆ ಉಳಿದ ಬಿಸಿಯೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ. ಮೆಂತ್ಯದ ವಿಷಯದಲ್ಲಿ ಆ ಸ್ವಲ್ಪ ಹೊತ್ತೇ ಹದವಾದ ಕಹಿಗೂ ಸುಟ್ಟ ಕಹಿಗೂ ಇರುವ ಅಂತರ.

ಹಾಗಾದರೆ ಹುರಿಯದೆಯೇ ಪುಡಿ ಮಾಡಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ಹುರಿಯುವುದರಿಂದ ನಷ್ಟವೂ ಇದೆ, ಲಾಭವೂ ಇದೆ. ಬಿಸಿ ತಾಗಿದಾಗ ಕಾಳಿನಲ್ಲಿರುವ ಸಕ್ಕರೆಯ ಅಂಶಗಳೂ ಅಮೈನೋ ಆಮ್ಲಗಳೂ ಕೂಡಿ, ಮೊದಲು ಇಲ್ಲದ ಹೊಸ ಪರಿಮಳಗಳನ್ನು ಹುಟ್ಟಿಸುತ್ತವೆ. ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆಯೇ ಬ್ರೆಡ್ಡಿನ ಹೊರಪದರಕ್ಕೂ ಹುರಿದ ಕಾಫಿಬೀಜಕ್ಕೂ ಅವುಗಳ ಘಮ ಕೊಡುವಂಥದ್ದು. ಆದರೆ ಕೊತ್ತಂಬರಿಯ ತೈಲದಲ್ಲಿರುವ ಲಿನಲೂಲ್ ಎಂಬ ವಸ್ತು ತರುವ ಹೂವಿನಂಥ ಹಗುರವಾದ ವಾಸನೆ ಅದೇ ಬಿಸಿಗೆ ಕುಂದುತ್ತದೆ. ನನಗೆ ಎರಡೂ ಬೇಕೆನಿಸಿದ್ದರಿಂದ ಕೊತ್ತಂಬರಿಯ ಮುಕ್ಕಾಲು ಪಾಲನ್ನು ಚೆನ್ನಾಗಿ ಹುರಿದು, ಉಳಿದ ಕಾಲು ಪಾಲನ್ನು ತೇವ ಆರುವಷ್ಟು ಮಾತ್ರ ಬೆಚ್ಚಗೆ ಮಾಡಿದೆ. ಏಲಕ್ಕಿಯನ್ನಂತೂ ಉರಿಗೆ ತೋರಿಸಲೇ ಇಲ್ಲ. ಚಿಕ್ಕಮ್ಮನಿಗೆ ಈ ಕಾಲು ಪಾಲಿನ ಯೋಚನೆ ಹೊಸದು. ಬೇಡವೆನ್ನಲಿಲ್ಲ, ಪುಡಿಯಾದ ಮೇಲೆ ನೋಡೋಣ ಎಂದರು.

ಹುರಿದದ್ದು ಪೂರ್ತಿ ತಣ್ಣಗಾಗುವವರೆಗೂ ಕಾದೆವು. ಬಿಸಿಯಾಗಿರುವಾಗಲೇ ಪುಡಿ ಮಾಡಿದರೆ ಒಳಗಿನ ತೇವ ಆವಿಯಾಗಿ ಮುಚ್ಚಳದಲ್ಲಿ ಹನಿಗಟ್ಟಿ, ಮತ್ತೆ ಪುಡಿಗೆ ಇಳಿದು ಅದನ್ನು ಗಂಟಾಗಿಸುತ್ತದೆ. ಮಿಕ್ಸಿಯ ಅಲಗು ತಾನೇ ಸಾಕಷ್ಟು ಬಿಸಿ ಹುಟ್ಟಿಸುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಈ ಬಿಸಿಯನ್ನು ತಡೆಯಲು ದ್ರವ ಸಾರಜನಕದಿಂದ ಕಾಳನ್ನು ತಂಪು ಮಾಡಿ ಬೀಸುವ ಪದ್ಧತಿಯೂ ಇದೆ. ಮನೆಯಲ್ಲಿ ಮಾಡಬಹುದಾದದ್ದು ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬದಿರುವುದು, ಕೆಲವೇ ಸೆಕೆಂಡು ತಿರುಗಿಸಿ ನಿಲ್ಲಿಸುವುದು, ಮತ್ತೆ ತಿರುಗಿಸುವುದು. ಚಕ್ಕೆಯನ್ನು ಕುಟ್ಟಾಣಿಯಲ್ಲಿ ಮೊದಲೇ ಚೂರು ಮಾಡಿಕೊಂಡಿದ್ದೆವು. ಪುಡಿಯನ್ನು ಜರಡಿ ಹಿಡಿದು, ಮೇಲೆ ಉಳಿದ ತರಿಯನ್ನು ಮತ್ತೊಮ್ಮೆ ಬೀಸಿ, ಕಡೆಯಲ್ಲಿ ಅರಿಶಿನ ಬೆರೆಸಿದೆವು.

ರುಚಿ ನೋಡಲು ಒಣಪುಡಿಯನ್ನು ನಾಲಿಗೆಯ ಮೇಲಿಟ್ಟುಕೊಳ್ಳುವುದರಿಂದ ಪ್ರಯೋಜನವಿಲ್ಲ. ಈ ಪರಿಮಳಗಳಲ್ಲಿ ಹೆಚ್ಚಿನವು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುವಂಥವು. ಅರ್ಧ ಚಮಚ ಪುಡಿಯನ್ನು ಬೆಚ್ಚಗಿನ ಎಣ್ಣೆಯಲ್ಲಿ ಕಲಸಿ, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆಗೆ ಸವರಿ ತಿಂದೆವು. ಮೊದಲು ಬಂದದ್ದು ಲವಂಗ, ಆಮೇಲೆ ಕಾಳುಮೆಣಸು. ಕೊತ್ತಂಬರಿ ಹಿಂದೆ ಉಳಿದಿತ್ತು. “ಒಂದು ವಾರ ಬಿಡು, ಒಂದಕ್ಕೊಂದು ಹೊಂದಿಕೊಳ್ಳುತ್ತೆ,” ಎಂದರು ಚಿಕ್ಕಮ್ಮ. ವಾರದ ನಂತರ ಅದೇ ಆಲೂಗಡ್ಡೆಯ ಪರೀಕ್ಷೆ ಮಾಡಿದಾಗ ಲವಂಗದ ಮೊನಚು ತಗ್ಗಿತ್ತು, ಹಗುರವಾಗಿ ಬೆಚ್ಚಗೆ ಮಾಡಿದ್ದ ಕೊತ್ತಂಬರಿಯ ವಾಸನೆ ಸ್ಪಷ್ಟವಾಗಿ ಮೇಲೆ ಬಂದಿತ್ತು. ಚಿಕ್ಕಮ್ಮ ಎರಡನೆಯ ತುಂಡನ್ನೂ ತೆಗೆದುಕೊಂಡು, ಕಾಲು ಪಾಲು ಹಾಗೆಯೇ ಇರಲಿ ಎಂದು ಹೇಳಿದರು.

ಪುಡಿಯನ್ನು ಒಂದೇ ದೊಡ್ಡ ಡಬ್ಬಿಗೆ ತುಂಬದೆ ಸಣ್ಣ ಸಣ್ಣ ಗಾಜಿನ ಬಾಟಲಿಗಳಿಗೆ ಅಂಚಿನವರೆಗೆ ತುಂಬಿದ್ದೇನೆ. ಬಾಟಲಿಯೊಳಗೆ ಗಾಳಿಗೆ ಜಾಗ ಕಡಿಮೆ, ಮತ್ತು ಒಂದನ್ನು ಬಳಸುವಾಗ ಉಳಿದವುಗಳ ಮುಚ್ಚಳ ತೆರೆಯಬೇಕಾಗುವುದಿಲ್ಲ. ಅರಿಶಿನದ ಬಣ್ಣ ಬೆಳಕಿಗೆ ಮಾಸುವುದರಿಂದ ಅವುಗಳ ಜಾಗ ಒಲೆಯಿಂದ ದೂರವಿರುವ, ಬಾಗಿಲಿರುವ ಕಪಾಟು. ಪ್ರತಿ ಬಾಟಲಿಯ ಮೇಲೂ ಮಾಡಿದ ದಿನಾಂಕವಿದೆ. ಅಳತೆಯ ಪುಸ್ತಕದಲ್ಲಿ ಲವಂಗದ ಮುಂದಿದ್ದ 4ನ್ನು ಹೊಡೆದುಹಾಕಿ 3 ಎಂದು ಬರೆದಿದ್ದೇನೆ. ಉಳಿದ ಕಾಳುಗಳನ್ನು ಇಡಿಯಾಗಿಯೇ ಕಟ್ಟಿಟ್ಟಿದ್ದೇವೆ. ಈ ಬಾಟಲಿಗಳು ಬರಿದಾದಾಗ ಅವನ್ನು ಹುರಿಯುತ್ತೇವೆ.