ಇದ್ದದ್ದು ಒಂದು ಕಪ್ಪು ತುಂಡು, ಮ್ಯಾಪ್‌ನಲ್ಲಿ ಕಂಡದ್ದು ಎರಡು

ಹೋದ ಸಲ ಬರೆದಾಗ ಪ್ರೋಬ್ ಸ್ಟ್ಯಾಂಡಿನಲ್ಲಿ ಅಲ್ಲಾಡದೆ ನಿಂತಿತ್ತು. ಈಗ ಕೈಗೆ ಬಂದಿದೆ. ತಲೆನೋವೂ ಜೊತೆಗೇ ಬಂದಿದೆ.

ಹೊಸದಾಗಿ ಓದುವವರಿಗೆ: ಈ ಪ್ರೋಬ್ ಅಂದರೆ ನಾನು ಮಾಡಿಕೊಂಡ, ಚರ್ಮದ ಮೇಲೆ ಆಡಿಸುವ ಪುಟ್ಟ ಸ್ಕ್ಯಾನರ್. 660 ಮತ್ತು 850 ನ್ಯಾನೋಮೀಟರ್‌ನ ಎರಡು ಎಲ್‌ಇಡಿ, ಎರಡು ಸೆಂಟಿಮೀಟರ್ ಆಚೆ ಬೆಳಕು ಅಳೆಯುವ ಒಂದು ಒಪಿಟಿ101 ಸೆನ್ಸರ್. ಬೆಳಕು ಒಳಗೆ ಹೋಗಿ, ಚದುರಿ, ಸ್ವಲ್ಪ ಮಾತ್ರ ವಾಪಸ್ ಬರುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ರಕ್ತ 660ರ ಕೆಂಪನ್ನು ಜಾಸ್ತಿ ಹೀರುತ್ತದೆ, ಆಮ್ಲಜನಕ ತುಂಬಿದ ರಕ್ತ 850ನ್ನು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನ ಲೆಕ್ಕವೂ ಹೀಗೇ. ಅದು ಒಂದೇ ಜಾಗ ನೋಡುತ್ತದೆ, ನನಗೆ ಬೇಕಿರುವುದು ಮ್ಯಾಪ್. ಹಾಗಾಗಿ ಪ್ರತಿ ರೀಡಿಂಗ್ ಹೊತ್ತಿಗೆ ಪ್ರೋಬ್ ಎಲ್ಲಿತ್ತು ಅಂತ ಗೊತ್ತಿರಬೇಕು. (ಸುಮ್ನೆ ಹವ್ಯಾಸಕ್ಕೆ ಮಾಡಿದ್ದು. ಇದನ್ನು ನಂಬಿ ಯಾರೂ ಕಾಯಿಲೆ ಹುಡುಕಬೇಡಿ.)

ಪರೀಕ್ಷೆಗೆ ಚರ್ಮದ ಬದಲು ಹಾಲು ಮತ್ತು ಚೈನಾ ಗ್ರಾಸ್ ಕುದಿಸಿ ಜೆಲ್ಲಿ ಮಾಡಿಕೊಂಡೆ. ಒಳಗೆ ಒಂದು ಕಪ್ಪು ತುಂಡು ಇರಬೇಕಲ್ವಾ? ಮೊದಲು ಪೆನ್ನಿನ ಕಪ್ಪು ಇಂಕ್ ಬೆರೆಸಿದೆ. 660ರಲ್ಲಿ ಚೆನ್ನಾಗಿ ಕಂಡಿತು, 850ರಲ್ಲಿ ಮಾಯ! ಅರ್ಧ ದಿನ ಎಲ್‌ಇಡಿಯನ್ನೇ ಬೈದೆ. ತಪ್ಪು ಇಂಕಿನದ್ದು. ಅದರ ಬಣ್ಣ ನಮ್ಮ ಕಣ್ಣಿಗೆ ಮಾತ್ರ ಕಪ್ಪು, ಇನ್‌ಫ್ರಾರೆಡ್‌ಗೆ ಹೆಚ್ಚುಕಡಿಮೆ ಗಾಜು. ಇಂಗಾಲದ ಕಪ್ಪು ಹಾಗಲ್ಲ. ದೀಪದ ಮೇಲೆ ಸ್ಟೀಲ್ ತಟ್ಟೆ ಹಿಡಿದು ಮಸಿ ಕೆರೆದೆ, ಒಂದು ಹನಿ ಪಾತ್ರೆ ಸೋಪಿನಲ್ಲಿ ಕಲಸಿದೆ. ಎರಡರಲ್ಲೂ ಕಂಡಿತು. ಫ್ರಿಜ್‌ನಲ್ಲಿದ್ದ ಡಬ್ಬಿಯ ಮೇಲೆ ಈಗ ‘ತಿನ್ನಬೇಡಿ’ ಚೀಟಿ ಇದೆ. ಅಮ್ಮ ಚಮಚ ಹಿಡಿದುಕೊಂಡು ಬಂದಿದ್ದರು.

ಜಾಗ ತಿಳಿಯೋಕೆ ಮೊದಲು ಎಂಪಿಯು6050 ಅನ್ನೋ ಚಲನೆ ಅಳೆಯುವ ಸೆನ್ಸರ್ ಹಾಕಿದೆ. ವೇಗವರ್ಧನೆಯನ್ನು ಎರಡು ಸಲ ಕೂಡಿಸಿದರೆ ದೂರ ಸಿಗುತ್ತದೆ, ಪುಸ್ತಕದಲ್ಲಿ. ಸೆನ್ಸರ್ 0.01 ಮೀ/ಸೆ² ಅಷ್ಟೇ ತಪ್ಪು ಹೇಳಿದರೂ ಹತ್ತು ಸೆಕೆಂಡಿಗೆ ಪ್ರೋಬ್ ಅರ್ಧ ಮೀಟರ್ ಆಚೆ ಹೋಗಿರುತ್ತದೆ. ಹಳೆ ಮೌಸ್ ಬಿಚ್ಚಿ ಅದರ ಸೆನ್ಸರ್ ಅಂಟಿಸಿದೆ. ಒದ್ದೆ ಜೆಲ್ಲಿ ಮೇಲೆ ಅದಕ್ಕೆ ಏನೂ ಕಾಣಲಿಲ್ಲ, ಸಾಲದ್ದಕ್ಕೆ ಅದರ ಕೆಂಪು ದೀಪ ನನ್ನ 660 ರೀಡಿಂಗ್‌ಗೆ ಸೋರಿತು. ಎರಡೂ ಡಬ್ಬಿಗೆ ವಾಪಸ್.

ಕೊನೆಗೆ ಮೇಲೊಂದು ವೆಬ್‌ಕ್ಯಾಮ್, ಪ್ರೋಬ್ ತಲೆಗೆ ಮೂರು ಸೆಂಟಿಮೀಟರ್‌ನ ಆರುಕೋ ಮಾರ್ಕರ್, ಅಂದರೆ ಕ್ಯಾಮೆರಾ ಗುರುತು ಹಿಡಿಯುವ ಕಪ್ಪು-ಬಿಳಿ ಚೌಕದ ಚೀಟಿ. ಅದನ್ನು ಹುಡುಕುವ ಕೋಡ್ ಓಪನ್‌ಸಿವಿ ಅನ್ನೋ ಚಿತ್ರ ಸಂಸ್ಕರಣೆಯ ಲೈಬ್ರರಿಯಲ್ಲಿ ಸಿದ್ಧವಾಗಿಯೇ ಇದೆ. ಮಾರ್ಕರ್ ಇರುವುದು ತುದಿಗಿಂತ ಆರು ಸೆಂಟಿಮೀಟರ್ ಮೇಲೆ, ಹಾಗಾಗಿ ಕೈ ಐದು ಡಿಗ್ರಿ ವಾಲಿದರೂ ಐದು ಮಿಲಿಮೀಟರ್ ತಪ್ಪು. ಹಲಗೆಯಲ್ಲಿ ಸಣ್ಣ ಕುಳಿ ಕೊರೆದು, ತುದಿಯನ್ನು ಅದರಲ್ಲಿ ಊರಿ, ಪ್ರೋಬನ್ನು ಎಲ್ಲ ಕಡೆ ವಾಲಿಸಿದೆ. ಕದಲದ ಬಿಂದು ಯಾವುದೋ ಅದೇ ತುದಿ.

ಇನ್ನು ಸ್ಪೀಡ್. ಕೆಂಪು, ಇನ್‌ಫ್ರಾರೆಡ್, ಕತ್ತಲು ಸೇರಿ ಒಂದು ಸೆಟ್. ಸೆಕೆಂಡಿಗೆ ಬರೀ 12 ಸೆಟ್ ಬರುತ್ತಿತ್ತು. ಕೋಡ್ ತೆಗೆದರೆ ಪ್ರತಿ ಎಲ್‌ಇಡಿ ಆದಮೇಲೂ 20 ಮಿಲಿಸೆಕೆಂಡ್ ಕಾಯುವ ಸಾಲು. ಯಾವಾಗಲೋ ಭಯಕ್ಕೆ ನಾನೇ ಬರೆದದ್ದು. ಒಪಿಟಿ101ಗೆ ಅಷ್ಟೆಲ್ಲ ಬೇಡ, 200 ಮೈಕ್ರೋಸೆಕೆಂಡ್ ಧಾರಾಳ. ಸೆನ್ಸರ್‌ನ ವೋಲ್ಟೇಜನ್ನು ಅಂಕಿ ಮಾಡುವ ಎಡಿಎಸ್1115 ಚಿಪ್ ಕೂಡ ತನ್ನ ಡೀಫಾಲ್ಟ್ ಆದ ಸೆಕೆಂಡಿಗೆ 128 ರೀಡಿಂಗ್‌ನಲ್ಲೇ ಓಡುತ್ತಿತ್ತು, 860ಕ್ಕೆ ಏರಿಸಿದೆ. ಈಗ 190 ಸೆಟ್.

ಖುಷಿಯಲ್ಲಿ ಜೆಲ್ಲಿ ಮೇಲೆ ಸರಸರ ಆಡಿಸಿದೆ, ಸೆಕೆಂಡಿಗೆ ಎಂಟು ಸೆಂಟಿಮೀಟರ್ ಲೆಕ್ಕದಲ್ಲಿ. ಮ್ಯಾಪ್‌ನಲ್ಲಿ ಎರಡು ತುಂಡು! ಒಂದಕ್ಕೊಂದು 18 ಮಿಲಿಮೀಟರ್ ದೂರ. ಮತ್ತೆ ಕುಳಿ, ಮತ್ತೆ ತುದಿ, ಎರಡು ಸಂಜೆ ಹಾಳು. ಆಮೇಲೆ ಎಡದಿಂದ ಬಲಕ್ಕೆ ಹೋದ ಸಾಲುಗಳನ್ನಷ್ಟೇ ಬಿಡಿಸಿ ನೋಡಿದೆ. ಒಂದೇ ತುಂಡು, ಎಡಕ್ಕೆ ಸರಿದಿದೆ. ವಾಪಸ್ ಬರುವ ಸಾಲುಗಳಲ್ಲಿ ಬಲಕ್ಕೆ. ನಿಧಾನ ಆಡಿಸಿದರೆ ಎರಡೂ ಹತ್ತಿರ ಬರುತ್ತವೆ. ಅಂದರೆ ತಪ್ಪು ಜಾಗದ್ದಲ್ಲ, ಹೊತ್ತಿನದು. ಬೆಳಕಿನ ರೀಡಿಂಗ್ ಆಗಲೇ ಬಂದು ಕೂತಿರುತ್ತದೆ, ಕ್ಯಾಮೆರಾ ಚಿತ್ರ ತಡವಾಗಿ ಬರುತ್ತದೆ. ಮೊದಲು ಆಮೆಯಂತೆ ಆಡಿಸುತ್ತಿದ್ದೆ, ಅದಕ್ಕೇ ಇದು ಬಯಲಾಗಿರಲಿಲ್ಲ.

ಎಷ್ಟು ತಡ ಅಂತ ಅಳೆಯೋಕೆ ಮಾರ್ಕರ್ ಪಕ್ಕ ಒಂದು ಹಸಿರು ಎಲ್‌ಇಡಿ ಇಟ್ಟೆ. ಪ್ರೋಬ್ ನಡೆಸುವ ಪುಟ್ಟ ಕಂಟ್ರೋಲರ್ ಇಎಸ್‌ಪಿ32 ಅದನ್ನು ಮನಬಂದಂತೆ ಮಿನುಗಿಸಿ ಹೊತ್ತು ಬರೆದಿಡುತ್ತದೆ, ಅದು ಯಾವ ಫ್ರೇಮ್‌ನಲ್ಲಿ ಕಂಡಿತು ಅಂತ ನಾನು ಹುಡುಕುತ್ತೇನೆ. ಸರಾಸರಿ 110 ಮಿಲಿಸೆಕೆಂಡ್. ಎಂಟು ಸೆಂಟಿಮೀಟರ್ ವೇಗಕ್ಕೆ ಒಂದು ಕಡೆಗೆ ಸುಮಾರು ಒಂಬತ್ತು ಮಿಲಿಮೀಟರ್, ಎರಡೂ ಕಡೆ ಸೇರಿ 18. ಲೆಕ್ಕ ಕೂತಿತು! ಅಷ್ಟು ಕಳೆದು, ಎರಡು ಫ್ರೇಮ್‌ಗಳ ನಡುವಿನ ಜಾಗವನ್ನು ತುಂಬಿಸಿದೆ. ಆದರೂ ಒಮ್ಮೊಮ್ಮೆ ಜಿಗಿಯುತ್ತಿತ್ತು. ಮಬ್ಬು ಬೆಳಕಲ್ಲಿ ಕ್ಯಾಮೆರಾ ತಾನಾಗೇ 30 ಫ್ರೇಮ್‌ನಿಂದ 15ಕ್ಕೆ ಇಳಿಯುತ್ತಿದೆ. ಆಟೋ ಎಕ್ಸ್‌ಪೋಶರ್ ಆಫ್ ಮಾಡಿದೆ. ಈಗ ಎಷ್ಟು ಜೋರಾಗಿ ಆಡಿಸಿದರೂ ತುಂಡು ಒಂದೇ, ಹೋಗುವಾಗ ಬರುವಾಗ ಎರಡು ಮಿಲಿಮೀಟರ್ ಒಳಗೇ ಇದೆ.

ನಿನ್ನೆ ರಾತ್ರಿ ನನ್ನ ಮುಂಗೈ ಮೇಲೆ ಆಡಿಸಿದೆ. ರಕ್ತನಾಳದ ಗೆರೆ ಬಂತು, ಆದರೆ ನಡುವೆ ಮುರಿದ ಹಾಗೆ. ಜೆಲ್ಲಿ ಅಲ್ಲಾಡುವುದಿಲ್ಲ, ಕೈ ಅಲ್ಲಾಡುತ್ತದೆ. ಮಣಿಕಟ್ಟಿಗೆ ಕಟ್ಟೋಕೆ ಎರಡನೇ ಮಾರ್ಕರ್ ಪ್ರಿಂಟ್ ಆಗಿದೆ, ವೆಲ್ಕ್ರೋ ಪಟ್ಟಿ ನಾಳೆ ತರಬೇಕು.