ಸೆಟ್ ಆದ್ಯಾ?

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಬರೆದು ಇಟ್ಟುಬಿಡ್ತೀನಿ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಹೊರಟೆ, ಪೂರ್ವಕ್ಕೇ ಹೋಗ್ತಾ ಹೋಗ್ತಾ ಭೂಮಿಗೆ ಒಂದು ಸುತ್ತು ಹಾಕಿ 2024ರ ಡಿಸೆಂಬರ್‌ನಲ್ಲಿ ಸಾಗರದ ಹತ್ತಿರ ಇರೋ ನಮ್ಮ ಮನೆಗೆ ಬಂದು ಮುಟ್ಟಿದೆ. ಥಾಯ್ಲೆಂಡ್, ವಿಯೆಟ್ನಾಂ, ಜಪಾನ್, ನ್ಯೂಜಿಲೆಂಡ್, ಚಿಲಿ, ಬೊಲಿವಿಯಾ, ಪೆರು, ಸ್ಪೇನ್, ಜಾರ್ಜಿಯಾ, ಕೀನ್ಯಾ. ಒಬ್ಬಳೇ ಹೋಗಿದ್ದೆ. ಹೌದು, ಒಬ್ಬಳೇ. ಖರ್ಚು ಒಂದು ಸಾಧಾರಣ ಕಾರಿನಷ್ಟು, ಕಾರು ನನ್ನ ಹತ್ರ ಇಲ್ಲ, ಲೆಕ್ಕ ಸರಿ ಹೋಯ್ತು. ಇದಿಷ್ಟು ಆಯ್ತಾ? ಈಗ ಆ ಪ್ರಶ್ನೆ.

"ಈಗ ಸೆಟ್ ಆದ್ಯಾ?"

ಬಸ್ ಸ್ಟ್ಯಾಂಡಲ್ಲಿ ಕೇಳ್ತಾರೆ, ಸೊಸೈಟಿಯಲ್ಲಿ ಕೇಳ್ತಾರೆ, ಹಲ್ಲು ಕೀಳಿಸೋಕೆ ಹೋದ್ರೆ ಡಾಕ್ಟ್ರು ನನ್ನ ಬಾಯಿ ತೆಗೆಸಿ ಕೈ ಒಳಗಿಟ್ಟುಕೊಂಡು ಕೇಳ್ತಾರೆ. ಈ ಸೆಟ್ ಅನ್ನೋ ಪದ ಇದ್ಯಲ್ಲ, ಅದರ ಮೇಲೇ ನನಗೆ ಸಿಟ್ಟು. ಮೊಸರು ಸೆಟ್ ಆಗುತ್ತೆ. ಕಾಂಕ್ರೀಟ್ ಸೆಟ್ ಆಗುತ್ತೆ, ಅದಕ್ಕೂ ದಿನಾ ನೀರು ಹಾಕ್ತಾ ಇರಬೇಕು. ದೋಸೆ ಮೂರು ಒಟ್ಟಿಗೆ ಕೊಟ್ರೆ ಸೆಟ್. ನಾನು ಯಾವ ಲೆಕ್ಕದಲ್ಲಿ? ಇನ್ನು ಕೆಲವರು ಅದೇ ಪದಕ್ಕೆ ಒಂದು ಲಕಾರ ಸೇರಿಸಿ "ಇನ್ನು ಸೆಟ್ಲ್ ಆಗೋ ಯೋಚನೆ ಇದ್ಯಾ" ಅಂತಾರೆ, ಮೂವತ್ನಾಲ್ಕು ವರ್ಷದ ಹುಡುಗಿಗೆ ಆ ಲಕಾರದ ಅರ್ಥ ಏನು ಅಂತ ಬಿಡಿಸಿ ಹೇಳೋದು ಬೇಡ.

ಕೇಳೋರಲ್ಲಿ ಎರಡು ಪಾರ್ಟಿ. ಒಂದು ಪಾರ್ಟಿಗೆ ನಾನು "ಅಯ್ಯೋ ಇಲ್ಲಿ ರೋಡು, ಕಸ, ಜನ, ಯಾವ್ದೂ ಸರಿ ಇಲ್ಲ, ತಡ್ಕೊಳ್ಳೋಕೆ ಆಗ್ತಿಲ್ಲ" ಅನ್ನಬೇಕು, ಆಗ ಅವರು ಡಾಲಸ್‌ನಲ್ಲಿರೋ ತಮ್ಮ ಮಗನ ಮಾತು ತೆಗೀಬಹುದು. ಇನ್ನೊಂದು ಪಾರ್ಟಿಗೆ "ಎಲ್ಲಿ ಹೋದ್ರೂ ನಮ್ಮೂರ ಥರ ಇಲ್ಲ ಬಿಡಿ" ಅನ್ನಬೇಕು, ಆಗ ಅವರು ಯಾವತ್ತೂ ಎಲ್ಲೂ ಹೋಗದೆ ಇದ್ದದ್ದಕ್ಕೆ ಒಂದು ಸರ್ಟಿಫಿಕೇಟ್ ಸಿಕ್ಕ ಹಾಗೆ. ಉತ್ತರ ಇಬ್ಬರ ಹತ್ರಾನೂ ರೆಡಿ ಇರುತ್ತೆ, ನಾನು ಸೈನ್ ಹಾಕಿದ್ರೆ ಸಾಕು.

ಬೆಂಗಳೂರಲ್ಲಿರೋ ಅತ್ತೆ ಮಗಳು, ಎಚ್‌ಆರ್‌ನಲ್ಲಿದ್ದಾಳೆ, "ನಿನಗೆ ಆಗಿರೋದು ರಿವರ್ಸ್ ಕಲ್ಚರ್ ಶಾಕ್" ಅಂತ ಒಂದು ಪಿಡಿಎಫ್ ಕಳಿಸಿದ್ಲು. ಗುಲ್ಲಾಹಾರ್ನ್ ಅನ್ನೋ ಗಂಡ ಹೆಂಡತಿ 1963ರಲ್ಲೇ ಬರೆದಿದ್ದಾರಂತೆ, ಪರದೇಶಕ್ಕೆ ಹೋದಾಗ ಮನಸ್ಸು ಒಂದು ಸಲ ಕುಸಿದು ಮೇಲೆ ಬರುತ್ತೆ, ವಾಪಸ್ ಬಂದಾಗ ಇನ್ನೊಂದು ಸಲ ಕುಸಿಯುತ್ತೆ, ಗೆರೆ ಎಳೆದ್ರೆ ಇಂಗ್ಲಿಷಿನ ಡಬ್ಲ್ಯೂ ಥರ ಕಾಣುತ್ತೆ ಅಂತ. ಇರಬಹುದು. ಆದ್ರೆ ನಾನು ಬಂದಿಳಿದದ್ದು ಅಡಿಕೆ ಕೊಯ್ಲಿನ ಮಧ್ಯ. ತಾಳಗುಪ್ಪದ ರೈಲಲ್ಲಿ ಬೆಳಿಗ್ಗೆ ಸಾಗರದಲ್ಲಿ ಇಳಿದೆ, ಅಪ್ಪ ಓಮ್ನಿ ತಂದಿದ್ರು, "ಬಂದ್ಯಾ" ಅಂದ್ರು, ಬ್ಯಾಗ್ ಹಿಂದೆ ಹಾಕಿದ್ರು, "ಕೊನೆಗೌಡ ಇವತ್ತು ಬಂದಿದ್ದಾನೆ, ಹತ್ತು ಜನ ಊಟಕ್ಕಿದ್ದಾರೆ" ಅಂದ್ರು (ಕೊನೆಗೌಡ ಅಂದ್ರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯೋನು). ಅಷ್ಟೇ ಸ್ವಾಗತ. ಹತ್ತು ಗಂಟೆಗೆ ನಾನು ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂತಿದ್ದೆ, ಸಂಜೆ ಹೊತ್ತಿಗೆ ಉಗುರೆಲ್ಲ ಕಪ್ಪು. ಕುಸಿಯೋಕೆ ಪುರುಸೊತ್ತು ಎಲ್ಲಿತ್ತು.

"ಜೆಟ್ ಲ್ಯಾಗ್ ಹೋಯ್ತಾ?" ಅಂತ ಕೇಳಿದವರಿಗೆ: ನಾನು ಕೊನೆಗೆ ಬಂದದ್ದು ನೈರೋಬಿಯಿಂದ. ಅಲ್ಲಿಗೂ ಇಲ್ಲಿಗೂ ಎರಡೂವರೆ ಗಂಟೆ ವ್ಯತ್ಯಾಸ. ರಾತ್ರಿ ಯಕ್ಷಗಾನ ನೋಡಿ ಬಂದ್ರೆ ಅದಕ್ಕಿಂತ ಜಾಸ್ತಿ ನಿದ್ದೆ ಕೆಡುತ್ತೆ.

ನಿಜವಾಗ್ಲೂ ಹೊಂದಿಕೊಳ್ಳೋಕೆ ಕಷ್ಟ ಆಗಿದ್ದು ಏನು ಗೊತ್ತಾ? ಫೋನ್ ನಂಬರು. ಹೋಗ್ತಾ ಬೆಂಗಳೂರಿನ ಸಿಮ್‌ಗೆ ರೀಚಾರ್ಜ್ ಮಾಡಿಸೋದು ಮರೆತೆ, ಕಂಪನಿಯವರು ನಂಬರ್ ಕಟ್ ಮಾಡಿ ಇನ್ನೊಬ್ರಿಗೆ ಕೊಟ್ಟುಬಿಟ್ಟಿದ್ರು. ಬ್ಯಾಂಕು, ಆಧಾರ್, ಗ್ಯಾಸು, ಎಲ್ಲ ಆ ನಂಬರಿಗೇ. ನಾನು ನಾನೇ ಅಂತ ಸಾಬೀತು ಮಾಡೋ ಓಟಿಪಿ ಎಲ್ಲ ಹಾವೇರಿ ಕಡೆಯ ಒಬ್ಬ ಮೆಕ್ಕೆಜೋಳದ ವ್ಯಾಪಾರಿಗೆ ಹೋಗ್ತಿತ್ತು. ಫೋನ್ ಮಾಡಿ ಕೇಳಿದೆ. ಪಾಪ ಹುಷಾರಿನ ಮನುಷ್ಯ, "ಓಟಿಪಿ ಯಾರಿಗೂ ಹೇಳಬಾರದು ಅಂತ ಬಂದೈತ್ರಿ ಅಕ್ಕಾರ" ಅಂದ. ಆರು ವಾರ ಬ್ಯಾಂಕಿಗೆ ಓಡಾಡಿದೆ. ಹತ್ತು ದೇಶದ ಬಾರ್ಡರ್‌ನಲ್ಲಿ ಪಾಸ್‌ಪೋರ್ಟ್ ಫೋಟೋ ನೋಡಿ ಒಳಗೆ ಬಿಟ್ಟಿದ್ದಾರೆ, ನನ್ನ ಸ್ವಂತ ದುಡ್ಡಿಗೆ ಕೈ ಹಾಕೋಕೆ ಮಾತ್ರ ಮ್ಯಾನೇಜರು ಫೋಟೋ ನೋಡಿ, ನನ್ನ ನೋಡಿ, ಫೋಟೋ ನೋಡಿ, "ಕೂದಲು ಕಟ್ ಮಾಡ್ಸಿದೀರಾ" ಅಂದ್ರು. ಹೂಂ ಸ್ವಾಮಿ.

ಒಂದೊಂದ್ಸಲ ಅನ್ಸುತ್ತೆ, ಹಳೇ ಕಾಲದ ಪದ್ಧತೀನೇ ವಾಸಿ ಇತ್ತೇನೋ ಅಂತ. ಸಮುದ್ರ ದಾಟಿ ಬಂದ್ರೆ ಪ್ರಾಯಶ್ಚಿತ್ತ. ಗಾಂಧಿ 1891ರಲ್ಲಿ ಬ್ಯಾರಿಸ್ಟರ್ ಓದಿ ವಾಪಸ್ ಬಂದಾಗ ಅವರಣ್ಣ ಮೊದಲು ನಾಸಿಕ್‌ಗೆ ಕರ್ಕೊಂಡು ಹೋಗಿ ಗೋದಾವರಿಯಲ್ಲಿ ಮುಳುಗಿಸಿದ್ರು, ಆಮೇಲೆ ರಾಜ್‌ಕೋಟ್‌ನಲ್ಲಿ ಜಾತಿಯವರಿಗೆ ಊಟ ಹಾಕಿಸಿದ್ರು. ಹಾಗೆ ಮಾಡಿದ್ರೂ ಪೋರಬಂದರಿನ ಒಂದಿಷ್ಟು ಜನ ಸೇರಿಸ್ಕೊಳ್ಳಲೇ ಇಲ್ಲ, ಆ ಮಾತು ಬೇರೆ, ಮತ್ತೆ ನಾನು ಜಾತಿ ಬಹಿಷ್ಕಾರಕ್ಕೆ ಜೈ ಅಂತಿದ್ದೀನಿ ಅಂದ್ಕೊಂಡು ಜಗಳಕ್ಕೆ ಬರಬೇಡಿ. ನಾನು ಹೇಳ್ತಿರೋದು ಇಷ್ಟೇ, ಅಲ್ಲಿ ಒಂದು ಮುಗಿಯೋ ಕೆಲಸ ಇತ್ತು. ಮುಳುಗು, ಊಟ ಹಾಕು, ಮುಗೀತು. ನನಗೆ ಐದು ತಿಂಗಳಿಂದ ದಿನಾ ಪ್ರಾಯಶ್ಚಿತ್ತ, ಕಂತಿನಲ್ಲಿ.

ಈಗ ಆ ಮದುವೆ ಮನೆ ಕಥೆ ಹೇಳ್ತೀನಿ, ಬರೆಯೋಕೆ ಕೂತಿದ್ದೇ ಅದಕ್ಕೆ.

ಫೆಬ್ರವರಿಯಲ್ಲಿ ನಮ್ಮ ನೆಂಟರ ಮನೆ ಮದುವೆ. ಪಂಕ್ತಿಯಲ್ಲಿ ಕೂತಿದ್ದೀನಿ, ಪಕ್ಕದಲ್ಲಿ ಅಜ್ಜಿ, ಎಂಬತ್ನಾಲ್ಕು ವರ್ಷ, ಕಿವಿ ಸ್ವಲ್ಪ ಮಂದ, ನಾಲಿಗೆ ಅಲ್ಲ. ಎಲೆ ಮೇಲೆ ಹೋಳಿಗೆ ಬಿದ್ದಿದೆ, ತುಪ್ಪ ಬಿದ್ದಿದೆ, ಮಾವಿನಕಾಯಿಯ ಅಪ್ಪೆಹುಳಿ ಲೋಟಕ್ಕೆ ಹಾಕಿಸ್ಕೊಂಡಾಗಿದೆ, ಅಂದ್ರೆ ಎದ್ದು ಓಡೋಕೆ ಆಗದ ಜಾಗ. ಉಪಚಾರಕ್ಕೆ ಬಂದ ಮಾವ, ಪಂಕ್ತಿ ಉದ್ದಕ್ಕೂ "ನಿಧಾನಕ್ಕೆ ಊಟ ಮಾಡಿ, ನಿಧಾನಕ್ಕೆ" ಅಂತ ಬರ್ತಾ ಇದ್ದವರು, ನನ್ನ ಎದುರು ನಿಂತ್ರು. "ಏನೇ, ಪ್ರಪಂಚ ಸುತ್ತಿ ಬಂದವಳೇ! ಸೆಟ್ ಆದ್ಯಾ ಈಗ?" ಆಚೆ ಪಂಕ್ತಿಯವರೂ ತಿರುಗಿ ನೋಡಿದ್ರು. ಬಾಯಲ್ಲಿ ಹೋಳಿಗೆ ಇತ್ತು. ನುಂಗೋ ಅಷ್ಟರಲ್ಲಿ ಮಾವ ತಾವೇ ಉತ್ತರ ಹೇಳಿ, ತಾವು ಹತ್ತು ದಿನ ಯುರೋಪ್ ಪ್ಯಾಕೇಜ್ ಟೂರ್ ಹೋಗಿ ಬಂದು ಎರಡು ತಿಂಗಳು ಸೆಟ್ ಆಗದೇ ಇದ್ದದ್ದನ್ನ ಹೇಳಿ, ಸಾರಿನವನನ್ನ ಕರೆದು, ಮುಂದಿನ ಎಲೆಗೆ ಹೋಗಿಬಿಟ್ರು. ನಾನು ನುಂಗಿದೆ. ಹೇಳಬೇಕು ಅಂದ್ಕೊಂಡಿದ್ದು ಏನೂ ಇರಲಿಲ್ಲ, ಆದ್ರೂ ಕಣ್ಣಲ್ಲಿ ನೀರು ಬಂತು, ಅಪ್ಪೆಹುಳಿ ಖಾರ ಅಂತ ಇಟ್ಕೊಳ್ಳಿ.

ಏನಾದ್ರೂ ಮಾತಾಡಬೇಕು ಅಂತ ಅಜ್ಜಿಗೆ ಹೇಳಿದೆ. ಬೊಲಿವಿಯಾದಲ್ಲಿ ಲಾ ಪಾಸ್ ಅಂತ ಒಂದು ಊರು, ಆಗುಂಬೆ ಘಾಟಿಯಂಥದ್ದು ಐದಾರು ಒಂದರ ಮೇಲೊಂದು ಇಟ್ಟಷ್ಟು ಎತ್ತರ, 3600 ಮೀಟರ್, ಅಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತೆ, ನೀನು ಕೊಟ್ಟ ಸಾರಿನ ಪುಡಿ ಹಿಡ್ಕೊಂಡು ಬೇಳೆ ಇಟ್ಟೆ, ಎರಡು ಗಂಟೆ ಕೊತಕೊತ ಕುದೀತು, ಬೇಳೆ ಮಾತ್ರ ಕಲ್ಲು. ಅಜ್ಜಿ "ಕುಕ್ಕರ್ ಇರಲಿಲ್ವಾ" ಅಂದ್ಲು. ಇರಲಿಲ್ಲ. ಹುರುಪು ಬಂತು, ಮುಂದುವರಿಸಿದೆ. ಅಜ್ಜಿ, ನನಗೆ ಒಂದು ಭಾನುವಾರ ಎರಡು ಸಲ ಬಂತು. ಆಕ್ಲೆಂಡಿಂದ ಭಾನುವಾರ ಸಂಜೆ ಆರಕ್ಕೆ ವಿಮಾನ ಹತ್ತಿದೆ, ಹನ್ನೊಂದು ಗಂಟೆ ಹಾರಿತು, ಚಿಲಿಯ ಸಾಂಟಿಯಾಗೊದಲ್ಲಿ ಇಳಿದಾಗ ಅದೇ ಭಾನುವಾರ ಮಧ್ಯಾಹ್ನ ಒಂದು ಗಂಟೆ. ಹತ್ತೋಕೆ ಮುಂಚೇನೇ ಇಳಿದಿದ್ದೀನಿ.

ಇದನ್ನ ನಾನು ಹತ್ತಾರು ಜನಕ್ಕೆ ಹೇಳಿದ್ದೀನಿ. ಎಲ್ಲರೂ "ವಾವ್" ಅಂತಾರೆ, ಆಮೇಲೆ ಟಿಕೆಟ್ ಎಷ್ಟು ಅಂತಾರೆ. ಅಜ್ಜಿ ಅನ್ನ ಕಲಸ್ತಿದ್ದ ಕೈ ನಿಲ್ಲಿಸಿದ್ಲು. ಕೇಳಿದ್ದು ನಮ್ಮ ಮನೆ ಭಾಷೇಲಿ, ನಿಮಗೆ ತಿಳಿಯೋ ಹಾಗೆ ಬರೀತೀನಿ: "ಅಲ್ವೇ, ಅವತ್ತು ಏಕಾದಶಿ ಆಗಿದ್ರೆ ಎರಡು ದಿನ ಉಪವಾಸ ಮಾಡಬೇಕಿತ್ತಾ?"

ಇದು ನೋಡಿ ಪ್ರಶ್ನೆ ಅಂದ್ರೆ. ನನ್ನ ತಲೆ, ಮದುವೆ, ಮನಸ್ಥಿತಿ, ಸೆಟ್ಟಿಂಗು ಯಾವುದರ ಗೊಡವೇನೂ ಇಲ್ಲ. ಹೋದ ಕಡೆ ಹೊತ್ತು ಹೇಗೆ ನಡೆಯುತ್ತೆ ಅನ್ನೋದು ಆಕೆಗೆ ಬೇಕು. ಹದಿಮೂರು ತಿಂಗಳಲ್ಲಿ ನನ್ನನ್ನ ಕೆಟ್ಟದಾಗಿ ಹಿಡಿದ ವಿಷಯ ಅದೇ, ಯಾರೂ ಕೇಳಿರಲಿಲ್ಲ.

ಎಲೆ ಮೇಲೇ ವಿವರಿಸೋಕೆ ಶುರು ಮಾಡಿದೆ, ಉಪ್ಪಿನಕಾಯಿ ಸಾಗರ, ಕೋಸಂಬರಿ ಆಕ್ಲೆಂಡ್. ಪೂರ್ವಕ್ಕೆ ಹೋಗ್ತಾ ಗಡಿಯಾರ ಮುಂದೆ ಮುಂದೆ ತಿರುಗಿಸ್ತಾ ಹೋಗ್ತೀವಿ, ಬ್ಯಾಂಕಾಕ್‌ನಲ್ಲಿ ಒಂದೂವರೆ ಗಂಟೆ, ಟೋಕಿಯೋದಲ್ಲಿ ಮೂರೂವರೆ, ಹೀಗೆ. ಪ್ರತಿ ಸಲ ದಿನದಿಂದ ಚೂರು ಚೂರು ಕಿತ್ಕೊಳ್ತಾರೆ. ಹಾಗೆ ಕಿತ್ಕೊಂಡಿದ್ದು ಪೂರ್ತಿ ಸುತ್ತಿಗೆ ಇಪ್ಪತ್ನಾಲ್ಕು ಗಂಟೆ ಆಗುತ್ತೆ, ಅದನ್ನ ಪೆಸಿಫಿಕ್ ಸಮುದ್ರದ ನಡುವೆ ಒಂದು ಗೆರೆ ದಾಟುವಾಗ ಇಡುಗಂಟಾಗಿ ವಾಪಸ್ ಕೊಡ್ತಾರೆ. ಫ್ರೀ ಏನಲ್ಲ, ನಂದೇ ದುಡ್ಡು. ಆದ್ರೂ ಸೂರ್ಯ ಹುಟ್ಟಿದ್ದನ್ನ ಎಣಿಸಿದ್ರೆ ಮನೇಲಿದ್ದ ಅಜ್ಜಿಗಿಂತ ನನಗೆ ಒಂದು ಜಾಸ್ತಿ. ಪಶ್ಚಿಮಕ್ಕೆ ಹೋದ್ರೆ ಒಂದು ಕಮ್ಮಿ. ಹಡಗಲ್ಲಿ ಪಶ್ಚಿಮಕ್ಕೆ ಹೊರಟ ಮೆಜೆಲ್ಲನ್ ಜೊತೆ ಹೋದವರಿಗೆ ಆಗಿದ್ದು ಅದೇ: ಐದು ಹಡಗು ಹೊರಟಿದ್ದು, 1522ರಲ್ಲಿ ಸುತ್ತು ಮುಗಿಸಿ ಬಂದಿದ್ದು ಒಂದು, ಅದರಲ್ಲಿ ಹದಿನೆಂಟು ಜನ. ದಾರಿಯಲ್ಲಿ ಕೇಪ್ ವರ್ಡೆ ದ್ವೀಪದಲ್ಲಿ ಅಕ್ಕಿ ಕೇಳೋಕೆ ಇಳಿದಾಗ ಗೊತ್ತಾಯ್ತು, ಹಡಗಿನ ಲೆಕ್ಕದಲ್ಲಿ ಬುಧವಾರ, ದಡದಲ್ಲಿ ಗುರುವಾರ. ದಿನಚರಿ ಬರೀತಿದ್ದ ಪಿಗಫೆಟ್ಟಾ ಒಂದು ದಿನಾನೂ ತಪ್ಪದೆ ಬರೆದವನು, ತಲೆ ಕೆಟ್ಟುಹೋಯ್ತು ಅವನಿಗೆ. ಸೆವಿಲ್‌ಗೆ ಬಂದು ಅವರು ಮೊದಲು ಮಾಡಿದ್ದು ಬರಿಗಾಲಲ್ಲಿ ಮೇಣದ ಬತ್ತಿ ಹಿಡ್ಕೊಂಡು ಚರ್ಚಿಗೆ ನಡೆದಿದ್ದು. ಸೆವಿಲ್‌ನಲ್ಲಿ ನಾಲ್ಕು ದಿನ ಇದ್ದಾಗ ಆ ಹೊಳೆ ದಂಡೆಯಲ್ಲಿ ಕೂತು ನಾನೂ ಎಣಿಸಿದ್ದೆ, ನನ್ನ ಡೈರಿಯ ಭಾನುವಾರ ಎರಡು ಪುಟ.

ಅಜ್ಜಿ ಎಲ್ಲ ಕೇಳಿಸ್ಕೊಂಡು "ವಾರ ಎರಡು ಸಲ ಬಂದ್ರೆ ತಿಥಿ ಎರಡು ಸಲ ಯಾಕೆ ಬರಬೇಕು, ಚಂದ್ರ ನಿನ್ನ ಗೆರೆ ಕೇಳ್ಕೊಂಡು ಹೋಗ್ತಾನಾ" ಅಂದ್ಲು. ಬಾಯಿ ಮುಚ್ಚಿ ಕೂತೆ. ಸರಿ ಅಲ್ವಾ ಮತ್ತೆ. ತಿಥಿ ಅಂದ್ರೆ ಸೂರ್ಯನಿಗೂ ಚಂದ್ರನಿಗೂ ನಡುವೆ ಹನ್ನೆರಡು ಡಿಗ್ರಿ, ಅದು ಮುಗಿಯೋ ಗಳಿಗೆ ಆಕ್ಲೆಂಡಿಗೂ ಸಾಗರಕ್ಕೂ ಒಂದೇ. ಅಷ್ಟರಲ್ಲಿ ಎದುರಿನ ಎಲೆಯವರು ಎದ್ರು, ಪಂಕ್ತಿ ಮುಗೀತು.

ಮಾರನೇ ದಿನ ಬೆಳಿಗ್ಗೆ ನಾನು ಕಾಫಿ ಕುಡೀತಿದ್ದೆ, ಅಜ್ಜಿ ನಾಗಂದಿಗೆ ಮೇಲಿಂದ ಹಳೇ ಬಗ್ಗೋಣ ಪಂಚಾಂಗ ಇಳಿಸಿಸಿಕೊಂಡು ಬಂದು ಮುಂದೆ ಹಾಕಿದ್ಲು, ಶೋಭಕೃತ್ ಸಂವತ್ಸರದ್ದು, ಮೂಲೆ ಇಲಿ ತಿಂದಿತ್ತು. "ತಾರೀಖು ಹೇಳು." 2024, ಫೆಬ್ರವರಿ 25. "ಅಲ್ಲಿ ಸೂರ್ಯ ಹುಟ್ಟಿದಾಗ ಇಲ್ಲಿ ಎಷ್ಟು ಗಂಟೆ?" ಲೆಕ್ಕ ಹಾಕಿದೆ. ಆಕ್ಲೆಂಡಲ್ಲಿ ಬೆಳಗಾದಾಗ ನಮ್ಮಲ್ಲಿ ಶನಿವಾರ ರಾತ್ರಿ ಹನ್ನೊಂದೂವರೆ. ವಿಮಾನದ ಕಿಟಕಿಯಲ್ಲಿ ಎರಡನೇ ಸಲ ಬೆಳಗಾದಾಗ ನಮ್ಮಲ್ಲಿ ಭಾನುವಾರ ಸಂಜೆ ಆರರ ಆಸುಪಾಸು. ಅಜ್ಜಿ ಕನ್ನಡಕ ಮೂಗಿನ ತುದಿಗಿಳಿಸಿ ಬೆರಳಿಟ್ಟು ಓದಿದ್ಲು. ಶನಿವಾರ ಸಂಜೆ ಹುಣ್ಣಿಮೆ ಮುಗಿದು ಪಾಡ್ಯ ಹಿಡಿದಿದೆ, ಭಾನುವಾರ ರಾತ್ರಿವರೆಗೂ ಪಾಡ್ಯ.

"ಎರಡು ಉದಯಕ್ಕೂ ಒಂದೇ ತಿಥಿ ಸಿಕ್ಕಿದೆ ನಿನಗೆ" ಅಂದ್ಲು. "ವೃದ್ಧಿ ತಿಥಿ. ನಮಗೂ ಬರುತ್ತೆ ಅದು, ಅದಕ್ಕೆ ವಿಮಾನ ಹತ್ತಬೇಕಂತೇನಿಲ್ಲ."

"ಏಕಾದಶಿ ಆಗಿದ್ರೆ?"

"ಎರಡನೇದು ಹಿಡೀಬೇಕು. ನಮ್ಮಲ್ಲಿ ಹಾಗೇ."

ಪಂಚಾಂಗ ಮುಚ್ಚಿದ್ಲು, ಮತ್ತೆ ತೆರೆದ್ಲು. "ಪಾಡ್ಯದ ದಿನ ಪ್ರಯಾಣ ಒಳ್ಳೇದಲ್ಲ. ಮೊದಲೇ ಕೇಳಿದ್ರೆ ಹೇಳ್ತಿದ್ದೆ."