ನಿಮ್ಮೂರಲ್ಲಿ ಎಷ್ಟು ದಿನ ಮೊದಲು ಹೇಳ್ತಾರೆ?

ಜರ್ಮನಿಯ ಬಾಟ್ರೋಪ್‌ನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಕಲ್ಲಿದ್ದಲು ಗಣಿಯಲ್ಲಿ ದುಡಿದು ನಿವೃತ್ತರಾದವರು. ಮೊನ್ನೆ ನಮ್ಮ ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಮಾತು ಬಂತು. ಅವರು ಕೇಳಿದ್ದು ಇಷ್ಟೇ: "ಹೊಗೆ ಕಡಿಮೆ ಮಾಡಬೇಕು ಅಂತ ನಿಮ್ಮವರ ಕೆಲಸ ಹೋದರೆ ಎಷ್ಟು ದಿನ ಮೊದಲು ಹೇಳ್ತಾರೆ? ನಮಗೆ ಹನ್ನೊಂದು ವರ್ಷ ಮೊದಲು ಹೇಳಿದ್ದರು."

ಆ ಲೆಕ್ಕ ಸರಿಯಾಗಿಯೇ ಇದೆ. ಕಲ್ಲಿದ್ದಲಿನ ಸಬ್ಸಿಡಿ 2018ಕ್ಕೆ ಮುಗಿಯುತ್ತದೆ ಎಂದು ಇಲ್ಲಿನ ಸರ್ಕಾರ 2007ರಲ್ಲೇ ಕಾನೂನು ಮಾಡಿತು. ಬಾಟ್ರೋಪ್‌ನ ಪ್ರಾಸ್ಪರ್ ಹಾನಿಯಲ್ ಗಣಿ 2018ರ ಡಿಸೆಂಬರ್ 21ರಂದು ಮುಚ್ಚಿತು. ನಡುವಿನ ವರ್ಷಗಳಲ್ಲಿ ಕಾರ್ಮಿಕರನ್ನು ಒಂದು ಗಣಿಯಿಂದ ಇನ್ನೊಂದಕ್ಕೆ ವರ್ಗ ಮಾಡುತ್ತ ಬಂದರು. ನೆಲದಡಿ ದುಡಿದು 50 ದಾಟಿದವರಿಗೆ ಪಿಂಚಣಿ ಶುರುವಾಗುವ ತನಕ, ಹೆಚ್ಚೆಂದರೆ ಐದು ವರ್ಷ, ಸರ್ಕಾರವೇ ಹಣ ಕೊಟ್ಟಿತು. ಗಣಿ ಅಗೆದು ಈ ಸೀಮೆಯ ನೆಲ ಎಷ್ಟು ಕುಸಿದಿದೆಯೆಂದರೆ, ಪಂಪು ನಿಂತರೆ ಊರುಗಳಿಗೆ ನೀರು ನುಗ್ಗುತ್ತದೆ. ಪಂಪಿನಂಥ ಮುಗಿಯದ ಕೆಲಸಗಳಿಗೆ ವರ್ಷಕ್ಕೆ 20 ಕೋಟಿ ಯೂರೋಗೂ ಹೆಚ್ಚು ಬೇಕು. ಅದನ್ನು ಭರಿಸುವ ಪ್ರತಿಷ್ಠಾನವೂ 2007ರಲ್ಲೇ ಹುಟ್ಟಿತು.

ಹಾಗಂತ ಇವರನ್ನು ಹಾಡಿ ಹೊಗಳಬೇಕಾಗಿಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯ ಕಲ್ಲಿದ್ದಲು ಗಣಿಗಳಲ್ಲಿ ಆರು ಲಕ್ಷ ಜನ ದುಡಿಯುತ್ತಿದ್ದರು. 2007ರ ಹೊತ್ತಿಗೆ ಬಹುಪಾಲು ಗಣಿಗಳು ಆಗಲೇ ಮುಚ್ಚಿದ್ದವು. ಪಕ್ಕದ ಗೆಲ್ಸನ್‌ಕಿರ್ಷನ್ ಇವತ್ತಿಗೂ ದೇಶದಲ್ಲಿ ನಿರುದ್ಯೋಗ ಅತಿ ಹೆಚ್ಚಿರುವ ಊರುಗಳಲ್ಲೊಂದು. ಇನ್ನು ಹವಾಮಾನದ ನ್ಯಾಯದ ಮಾತು: ಇಷ್ಟೆಲ್ಲ ಗಣಿ ಮುಚ್ಚಿದ ಮೇಲೂ ಒಬ್ಬ ಜರ್ಮನ್ ತಲಾ ಲೆಕ್ಕದಲ್ಲಿ ಒಬ್ಬ ಭಾರತೀಯನ ಸುಮಾರು ಮೂರು ಪಟ್ಟು ಇಂಗಾಲ ಬಿಡುತ್ತಾನೆ. ಸಿಮೆಂಟ್ ಕಡಿಮೆ ಮಾಡಿ ಎಂದು ವಾಡಿಗೆ ಬುದ್ಧಿ ಹೇಳುವ ಹಕ್ಕು ಇವರಿಗಿಲ್ಲ.

ಆದರೂ ಆ ಪ್ರಶ್ನೆಗೆ ಉತ್ತರ ಹುಡುಕಿದರೆ ನಾಚಿಕೆಯಾಗುತ್ತದೆ. ನಮ್ಮ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 50 ಜನರಿರುವ ಕಾರ್ಖಾನೆ ಮುಚ್ಚಲು 60 ದಿನದ ನೋಟಿಸ್ ಸಾಕು. 300 ಜನರಿದ್ದರೆ 90 ದಿನ ಮೊದಲು ಸರ್ಕಾರದ ಅನುಮತಿ ಕೇಳಬೇಕು. ಪರಿಹಾರ ಸೇವೆಯ ವರ್ಷಕ್ಕೆ 15 ದಿನದ ಸಂಬಳ. ಕೆಲಸದಿಂದ ತೆಗೆದವರಿಗೆ ಹೊಸ ಕಸುಬು ಕಲಿಯಲೆಂದು ಇನ್ನೂ 15 ದಿನದ ಸಂಬಳ. ಹದಿನೈದು ದಿನದಲ್ಲಿ ವೆಲ್ಡಿಂಗ್ ಹೋಗಲಿ, ಲಾರಿ ಲೈಸೆನ್ಸೂ ಕೈಗೆ ಬರುವುದಿಲ್ಲ. ಮುಚ್ಚಿಹೋದ ಎಂ.ಎಸ್.ಕೆ. ಬಟ್ಟೆ ಮಿಲ್ ಅಂದರೆ ಇವತ್ತಿನ ಕಲಬುರಗಿ ಹುಡುಗರಿಗೆ ಒಂದು ಬಡಾವಣೆಯ ಹೆಸರು, ಅಷ್ಟೇ. ಶಹಾಬಾದಿನ ಹಳೆ ಸಿಮೆಂಟ್ ಕಾರ್ಖಾನೆಯದೂ ಅದೇ ಕತೆ. ಅವು ಮುಚ್ಚಿದ್ದು ಹವಾಮಾನಕ್ಕಾಗಿ ಅಲ್ಲ ನಿಜ, ಆದರೆ ಗೇಟಿನ ಹೊರಗೆ ನಿಂತವನಿಗೆ ಕಾರಣ ಯಾವುದಾದರೇನು?

ಸಿಮೆಂಟ್ ಕಲ್ಲಿದ್ದಲಿನಂತೆ ಪೂರ್ತಿ ನಿಲ್ಲುವುದಿಲ್ಲ, ಮಾಡುವ ರೀತಿ ಬದಲಾಗುತ್ತದೆ. ಸುಣ್ಣದಕಲ್ಲನ್ನು 1450 ಡಿಗ್ರಿಯಲ್ಲಿ ಸುಟ್ಟು ಒಂದು ಟನ್ ಕ್ಲಿಂಕರ್ (ಪುಡಿ ಮಾಡಿದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ) ತೆಗೆದರೆ, ಕಲ್ಲಿನಿಂದಲೇ ಸುಮಾರು ಅರ್ಧ ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಲೆಗೆ ಸೌರಶಕ್ತಿ ಕೊಟ್ಟರೂ ಇದು ತಪ್ಪದು. ಹಾಗಾಗಿ ಕ್ಲಿಂಕರನ್ನೇ ಕಡಿಮೆ ಮಾಡಬೇಕು. ಈಗ ಪಿಪಿಸಿ ಎಂಬ ಮಿಶ್ರ ಸಿಮೆಂಟಿನ ಚೀಲದಲ್ಲಿ 35 ಶೇಕಡಾ ತನಕ ಹಾರುಬೂದಿ ಬೆರೆಸಬಹುದು. ಆದರೆ ಆ ಬೂದಿ ಬರುವುದು ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಂದ. ಅಲ್ಲಿ ಒಂದೊಂದು ಘಟಕ ನಿಂತ ಹಾಗೆ ಬೂದಿಯೂ ಕಡಿಮೆಯಾಗುತ್ತದೆ. ಆಗ ಮೊದಲು ಕೆಲಸ ಕಳೆದುಕೊಳ್ಳುವವರು ಬೂದಿ ಸಾಗಿಸುವ ಬಲ್ಕರ್ ಲಾರಿಗಳ ಡ್ರೈವರುಗಳು ಮತ್ತು ಕ್ಲೀನರುಗಳು. ಯಾವ ಕಾರ್ಖಾನೆಯ ಕಾಯಂ ಪಟ್ಟಿಯಲ್ಲೂ ಅವರ ಹೆಸರಿಲ್ಲ.

ಬೂದಿಗೆ ಬದಲಿ ಎಂದರೆ ಸುಟ್ಟ ಜೇಡಿಮಣ್ಣು: ಅರ್ಧ ಕ್ಲಿಂಕರ್, 30 ಶೇಕಡಾ ಸುಟ್ಟ ಜೇಡಿ, 15 ಶೇಕಡಾ ಸುಡದ ಸುಣ್ಣದಕಲ್ಲು, 5 ಶೇಕಡಾ ಜಿಪ್ಸಂ. ಇದಕ್ಕೆ 2023ರಲ್ಲಿ ಐಎಸ್ 18189 ಮಾನಕವೂ ಬಂದಿದೆ. ಜೇಡಿಗೆ 700ರಿಂದ 850 ಡಿಗ್ರಿ ಶಾಖ ಸಾಕು. ಮಾಮೂಲಿ ಸಿಮೆಂಟಿಗೆ ಹೋಲಿಸಿದರೆ ಇಂಗಾಲ 40 ಶೇಕಡಾ ತನಕ ಇಳಿಯುತ್ತದೆ. ಜೇಡಿಯಲ್ಲಿ ಕಯೋಲಿನೈಟ್ ಎಂಬ ಖನಿಜ 40 ಶೇಕಡಾ ಆದರೂ ಇರಬೇಕು. ನಮ್ಮ ಎರಿ ಮಣ್ಣು ನೀರು ಕುಡಿದು ಉಬ್ಬುವ ಜಾತಿ, ಇದಕ್ಕೆ ಆಗದು. ಬೀದರಿನ ಕೆಂಪು ಮುರುಕಲ್ಲಿನ ಅಡಿಯ ಜೇಡಿಯನ್ನು ಪರೀಕ್ಷಿಸಿ ನೋಡಬಹುದು. ಆದರೆ ನೌಬಾದಿನ ಸುರಂಗಬಾವಿ ಹರಿಯುವುದೂ ಅದೇ ಕಲ್ಲಿನೊಳಗೆ. ಅಲ್ಲಿ ಗುಂಡಿ ತೋಡಿದರೆ ಇಂಗಾಲ ಉಳಿಸಲು ಹೋಗಿ ನೀರು ಕಳೆದುಕೊಂಡಂತೆ.

ಈ ಸಿಮೆಂಟಿನ ಕೆಲಸ ಕೆಡುವುದು ಹೆಚ್ಚಾಗಿ ಕಟ್ಟಡದ ಜಾಗದಲ್ಲಿ. ಸುಟ್ಟ ಜೇಡಿ ನೀರು ಹೆಚ್ಚು ಎಳೆಯುತ್ತದೆ. ಮಾಲು ಗಟ್ಟಿಯಾಯಿತು ಎಂದು ಗೌಂಡಿ ಇನ್ನೊಂದು ಬಕೆಟ್ ನೀರು ಸುರಿದರೆ ಬಲ ಕುಸಿಯುತ್ತದೆ, ಸ್ಲ್ಯಾಬ್ ಬಿರುಕು ಬಿಡುತ್ತದೆ. ಹೆಚ್ಚಿನ ನೀರಿನ ಬದಲು ಮಾಲನ್ನು ಸಡಿಲ ಮಾಡುವ ಪ್ಲಾಸ್ಟಿಸೈಜರ್ ದ್ರವ ಅಳೆದು ಹಾಕಬೇಕು. ಕ್ಯೂರಿಂಗ್ ಏಳು ದಿನಕ್ಕೆ ನಿಲ್ಲಿಸಬಾರದು. ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ, ಕಲಬುರಗಿಯ ಬಿಸಿಲಿಗೆ 14. ಮಣ್ಣಿನಲ್ಲಿ ಕಬ್ಬಿಣವಿದ್ದರೆ ಸಿಮೆಂಟ್ ಕೆಂಪಗೆ ಕಾಣುತ್ತದೆ, ಗಿರಾಕಿ ಕಲಬೆರಕೆ ಎನ್ನುತ್ತಾನೆ. ಗುಳೆ ಹೋಗಿ ಬೆಂಗಳೂರಲ್ಲೂ ಪುಣೆಯಲ್ಲೂ ಕಟ್ಟುವವರು ಯಾದಗಿರಿ, ಕಲಬುರಗಿಯವರೇ. ಇದನ್ನು ಅವರಿಗೆ ಕೂಲಿ ಕೊಟ್ಟು ಕಲಿಸಬೇಕು, ಜೇಡಿ ಪರೀಕ್ಷಿಸುವ ಲ್ಯಾಬಿನ ಕೆಲಸ ಇಲ್ಲಿನ ಡಿಪ್ಲೊಮಾ ಹುಡುಗಿಯರಿಗೆ ಸಿಗಬೇಕು.

ದುಡ್ಡು ಇಲ್ಲವೆಂದೇನಲ್ಲ. 2015ರಿಂದ ಗಣಿ ಗುತ್ತಿಗೆದಾರರು ರಾಯಧನದ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಕಟ್ಟಬೇಕು: ಹಳೆ ಗಣಿಯಾದರೆ ರಾಯಧನದ 30 ಶೇಕಡಾ, ಹರಾಜಿನಲ್ಲಿ ಪಡೆದ ಗಣಿಯಾದರೆ 10. ಸುಣ್ಣದಕಲ್ಲಿಗೂ ಇದು ಅನ್ವಯ. ಕೌಶಲ ತರಬೇತಿ ಆ ನಿಧಿಯ ಆದ್ಯತೆಯ ಪಟ್ಟಿಯಲ್ಲೇ ಇದೆ. ಸಿಸಿ ರಸ್ತೆ, ಸಮುದಾಯ ಭವನದ ಗುತ್ತೇದಾರರಿಗೆ ಸಿಗುವ ಗಮನ ಬಲ್ಕರ್ ಡ್ರೈವರಿಗೂ ಸಿಗಲಿ ಎಂದು ಕೇಳಬೇಕಾದ ಜಾಗ ಅದು.

ವಾಡಿ, ಚಿತ್ತಾಪುರ, ಸೇಡಂನಲ್ಲಿ ಗುತ್ತೇದಾರನ ಕೈಕೆಳಗೆ ದುಡಿಯುವವರು ಇವತ್ತೇ ಮಾಡಬಹುದಾದ್ದು ಒಂದಿದೆ. ಗುತ್ತೇದಾರ ಬದಲಾದಾಗಲೆಲ್ಲ ಹೊಸ ಯುಎಎನ್ (ಪಿ.ಎಫ್. ಖಾತೆಯ ಕಾಯಂ ನಂಬರು) ಮಾಡಿಸಿಕೊಳ್ಳಬೇಡಿ, ಹಳೆ ನಂಬರನ್ನೇ ಕೊಡಿ. ಪಿ.ಎಫ್. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಮೂರ್ನಾಲ್ಕು ನಂಬರುಗಳಲ್ಲಿ ಚೂರಾದ ಸೇವೆಯನ್ನು ಒಂದುಗೂಡಿಸುವುದು ದೊಡ್ಡ ತಲೆನೋವು. ಹಾಜರಿ ಕಾರ್ಡು, ಸಂಬಳದ ಚೀಟಿ, ಗೇಟ್ ಪಾಸುಗಳ ಫೋಟೋ ತೆಗೆದು ಮನೆಯ ಇನ್ನೊಬ್ಬರ ಫೋನಿನಲ್ಲೂ ಇಟ್ಟಿರಿ. ಪರಿಹಾರದ ಪಟ್ಟಿ ಮಾಡುವ ದಿನ ಅಧಿಕಾರಿ ಕೇಳುವುದು ಇವನ್ನೇ.